ಬಾಡಿಗೆ, ಹಳದಿ ಮೆಟ್ರೋ ಮತ್ತು ಗುರುವಾರದ ದೋಸೆ

ಹಾಸನದಲ್ಲಿ ಡಿಗ್ರಿ ಮುಗಿಸಿ 2025ರ ಜೂನ್‌ನಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕೆ ಸೇರಿದೆ. ಕೈಗೆ ಬರುತ್ತಿದ್ದದ್ದು 26,000. ಗೆಳೆಯರೆಲ್ಲ ಬಸವನಗುಡಿಯಲ್ಲಿದ್ದಾರೆ ಅಂತ ನಾನೂ ಅಲ್ಲೇ 13,000ಕ್ಕೆ ರೂಮು ಹಿಡಿದೆ. ಎಡವಟ್ಟಾಗಿದ್ದೇ ಅಲ್ಲಿ. ದಾರಿಯಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟುವಷ್ಟರಲ್ಲಿ ಅರ್ಧ ಜೀವ ಹೋಗುತ್ತಿತ್ತು. ರಾತ್ರಿ ಒಂಬತ್ತಕ್ಕೆ ಬಂದವನು ಶೂ ಕೂಡ ಬಿಚ್ಚದೆ ಹಾಸಿಗೆಗೆ ಬೀಳುತ್ತಿದ್ದೆ. ಎರಡು ಬೀದಿ ಆಚೆ ಇದ್ದ ಗೆಳೆಯರ ಮುಖ ನೋಡಿ ಮೂರು ವಾರ ಆಗಿರುತ್ತಿತ್ತು. ಅವರಿಗೋಸ್ಕರ ತಾನೇ ಜಾಸ್ತಿ ಬಾಡಿಗೆ ಕಟ್ಟುತ್ತಿದ್ದದ್ದು?

ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಶುರುವಾಯಿತು. ಆರ್‌.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 16 ನಿಲ್ದಾಣ. ಒಂದು ಭಾನುವಾರ ದಿನಸಿ ಚೀಟಿಯ ಹಿಂದೆ ಲೆಕ್ಕ ಬರೆದೆ. ಬಾಡಿಗೆ ಒಂದೇ ಅಲ್ಲ, ಓಡಾಟದ ದುಡ್ಡು, ಗಂಟೆಗಳು ಎಲ್ಲ ಸೇರಿಸಿ. ನಡುವೆ ಇರುವ ಸಿಂಗಸಂದ್ರ ಕಣ್ಣಿಗೆ ಬಿತ್ತು. ಆಫೀಸಿನ ಒಬ್ಬನ ಜೊತೆ ಸೇರಿ ಸ್ಟೇಷನ್‌ಗೆ ನಡೆದು ಹೋಗುವಷ್ಟು ದೂರದಲ್ಲಿ ಮನೆ ಹಿಡಿದೆ. ನನ್ನ ಪಾಲು 7,500. ಓನರ್ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರು, ಚೌಕಾಸಿ ಮಾಡಿ ಐದಕ್ಕೆ ಇಳಿಸಿದೆವು. ಹಳೇ ಮನೆಯವರು ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಬೆಂಗಳೂರಲ್ಲಿ ಇದು ಮಾಮೂಲಿ, ಅಲ್ವಾ?

ಮೊದಮೊದಲು ರೈಲು 25 ನಿಮಿಷಕ್ಕೊಂದು. ಒಂದು ತಪ್ಪಿದರೆ ಫಜೀತಿ. ಆದರೂ ಆಫೀಸಿಗೆ ಮೂರೇ ಸ್ಟಾಪು. ಗುರುವಾರ ಸಂಜೆ ಮಾತ್ರ ಮನೆ ಹತ್ತಿರ ಇಳಿಯುವುದಿಲ್ಲ. ಸೀದಾ ಆರ್‌.ವಿ. ರಸ್ತೆ, ಅಲ್ಲಿಂದ ಹಸಿರು ಮಾರ್ಗ, ನ್ಯಾಷನಲ್ ಕಾಲೇಜಿನಲ್ಲಿ ಇಳಿದು ಗಾಂಧಿ ಬಜಾರಿಗೆ ನಡಿಗೆ. ಬೆಣ್ಣೆ ಕರಗುವ ಮುಂಚೆ ಮಸಾಲೆ ದೋಸೆಗೆ ಕೈ ಹಾಕುವ ನಾಲ್ಕು ಜನ, ಸುಮ್ನೆ ಹರಟೆ. ಬಿಲ್ಲು ಸರದಿ ಮೇಲೆ. ಈ ವಾರ ನನ್ನದು.