ಅಪ್ಪ ಬಂದ, ಅಪ್ಪ ಬಂದರು

ತೊಗರಿ ಕೈಕೊಟ್ಟ ವರ್ಷ ಒಬ್ಬ ರೈತ ಮುಂಬೈಗೆ ಗುಳೆ ಹೋಗ್ತಾನೆ. ಕಲಬುರಗಿ ಸ್ಟೇಷನ್ನಲ್ಲಿ ರೈಲು ಹತ್ತಿದವನು ಒಂದೂವರೆ ವರ್ಷ ವಾಪಸ್ ಬರೋದಿಲ್ಲ. ಊರಲ್ಲಿ ಹೆಂಡತಿ, ತಾಯಿ, ಹತ್ತು ವರ್ಷದ ಮಗಳು. ಇಷ್ಟೇ ಕಥೆ. ಜೇವರ್ಗಿ ಕಡೆಯ ನಮ್ಮೂರಲ್ಲಿ ಇಂಥ ಮನೆಗಳನ್ನು ನೋಡುತ್ತಲೇ ಬೆಳೆದೆ, ಹಾಗಾಗಿ ಬೇಗ ಬರೆದು ಮುಗಿಸಬಹುದು ಅಂದುಕೊಂಡಿದ್ದೆ. ಆದರೆ ಕಥೆ ಹೇಳೋರು ಯಾರು ಅನ್ನೋದು ಗೊತ್ತಾಗಲು ಒಂದು ವರ್ಷ ಬೇಕಾಯಿತು.

ಮೊದಲ ಸಲ ರೈತನ ಬಾಯಲ್ಲೇ ಹೇಳಿಸಿದೆ. ‘ನಾನು’ ಅಂತ ಶುರು ಮಾಡಿದ್ದೇ ತಡ, ಅವನು ಸಾಲದ ಲೆಕ್ಕ, ಮಳೆ, ದರ ಎಲ್ಲವನ್ನೂ ಪುಟಗಟ್ಟಲೆ ಬಿಡಿಸಿ ಹೇಳಿದ. ನಮ್ಮವ್ವನಿಗೆ ಓದಿ ಹೇಳಿದೆ. ‘ಇವ ಇಷ್ಟ್ಯಾಕ ಮಾತಾಡ್ತಾನ? ಸಾಲ ಆದವ್ರು ಬಾಯಿ ಬಿಡ್ತಾರೇನು?’ ಅಂದಳು. ಆ ಪ್ರತಿಯನ್ನು ಅಲ್ಲಿಗೇ ಕೈಬಿಟ್ಟೆ.

ಎರಡನೇ ಸಲ ಎಲ್ಲ ಬಲ್ಲ ನಿರೂಪಕನನ್ನು ತಂದೆ. ಅವನು ಯಾರ ಮನಸ್ಸಿಗೆ ಬೇಕಾದರೂ ಹೋಗಬಹುದು, ಯಾರ ಪಕ್ಷವೂ ಅಲ್ಲ. ಹಾಗಂತ ನಂಬಿದ್ದೆ. ಗಂಜಿನಲ್ಲಿ, ಅಂದರೆ ಕಾಳು ಮಾರುವ ಮಾರುಕಟ್ಟೆಯಲ್ಲಿ, ದಲಾಲಿ ಸಾಹುಕಾರರ ಅಡತಿ ಅಂಗಡಿಯ ದೃಶ್ಯ ತಿದ್ದುವಾಗ ಕ್ರಿಯಾಪದಗಳ ಕಡೆ ಗಮನ ಹೋಯಿತು. ಸಾಹುಕಾರರು ‘ಬಂದರು’, ‘ಕೂತರು’. ರೈತ ‘ಬಂದ’, ‘ನಿಂತ’. ಹಮಾಲ ಚೀಲ ‘ಇಳಿಸಿದ’. ನಾನು ಬೇಕು ಅಂತ ಬರೆದದ್ದಲ್ಲ, ಕೈಗೆ ಹಾಗೇ ಬಂದಿತ್ತು. ಯಾರ ಪಕ್ಷವೂ ಅಲ್ಲದ ನನ್ನ ನಿರೂಪಕ ಸಾಹುಕಾರರ ಗಾದಿ ಮೇಲೇ ಕೂತಿದ್ದ. ಕನ್ನಡದಲ್ಲಿ ಒಬ್ಬ ಮನುಷ್ಯ ಬಂದ ಅಂತ ಬರೆಯಬೇಕಾದರೂ ಮೊದಲು ಬಹುವಚನವೋ ಏಕವಚನವೋ ತೀರ್ಮಾನ ಆಗಬೇಕು. ಹೇಳುವವನು ಎಲ್ಲಿ ನಿಂತಿದ್ದಾನೆ ಅನ್ನೋದು ಅಲ್ಲೇ ಗೊತ್ತಾಗಿಬಿಡುತ್ತದೆ, ಅಲ್ವಾ?

ಆಮೇಲೆ ಪೂರ್ತಿ ಕಥೆ ಬರೆಯೋದು ಬಿಟ್ಟು ಒಂದೇ ದೃಶ್ಯ ಹಿಡಿದೆ: ಅಪ್ಪ ಮನೆಗೆ ಬರುವ ಬೆಳಗು. ಅದನ್ನೇ ಒಬ್ಬೊಬ್ಬರ ಕಡೆಯಿಂದ ಬರೆದು ನೋಡಿದೆ. ಅವನ ತಾಯಿಗೆ ‘ಬಂದಾನ’. ಹೆಂಡತಿಗೆ ‘ಬಂದಾರ’. ಅದೇ ಬಾಗಿಲು, ಅದೇ ಮನುಷ್ಯ. ಮಗಳ ಕಡೆಯಿಂದ ಬರೆಯುವಾಗ ಮಾತ್ರ ಕೈ ತಡೆಯಿತು. ಅಲ್ಲೇ ಕಥೆ ಇದೆ ಅನ್ನಿಸಿತು.

ಆದರೆ ಹತ್ತು ವರ್ಷದ ಹುಡುಗಿಗೆ ಸಾಲದ ವಿಷಯ ಹೇಗೆ ಗೊತ್ತಿರುತ್ತದೆ? ಕೆಂಪು ಪೆನ್ನು ಹಿಡಿದು ಅವಳಿಗೆ ಗೊತ್ತಿರಲಾರದ ಸಾಲುಗಳ ಕೆಳಗೆ ಗೆರೆ ಎಳೆದೆ. ಅರ್ಧ ಕಥೆ ಕೆಂಪಾಯಿತು. ತೊಗರಿ ಗಿಡ ಒಣಗಿಸುವ ನೆಟೆ ರೋಗ ಮಣ್ಣಿನ ಶಿಲೀಂಧ್ರದಿಂದ ಬರುತ್ತದೆ ಅಂತ ವಿವರಿಸಿದ್ದೆ, ಅದು ಹೋಯಿತು. ಆ ಜಾಗಕ್ಕೆ ಎಳ್ಳ ಅಮಾವಾಸ್ಯೆ ಬಂತು. ಚರಗ ಚೆಲ್ಲಲು, ಅಂದರೆ ಬೆಳೆಗೆ ಎಡೆಯ ಅಡುಗೆ ಚೆಲ್ಲಿ ಪೂಜೆ ಮಾಡಲು, ಎಲ್ಲರೂ ಹೊಲಕ್ಕೆ ಹೋಗಿದ್ದಾರೆ. ತೊಗರಿ ಗಿಡ ನಿಂತಲ್ಲೇ ಒಣಗಿವೆ. ಬುತ್ತಿಯಲ್ಲಿ ಭಜ್ಜಿ, ಸಜ್ಜೆ ರೊಟ್ಟಿ, ಎಲ್ಲಾ ಇದೆ. ಯಾರೂ ಮಾತಾಡುತ್ತಿಲ್ಲ. ಅಪ್ಪ ಒಂದು ಕಾಯಿ ಬಿಡಿಸಿ ನೋಡಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಹುಡುಗಿಗೆ ಕಂಡದ್ದು ಇಷ್ಟು. ಶಿಲೀಂಧ್ರಕ್ಕಿಂತ ಇದೇ ಜಾಸ್ತಿ ಹೇಳುತ್ತದೆ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಸಾಲದ ಗಂಟು ಬಿಚ್ಚಿದ್ದು ಊರಲ್ಲಿ. ನಳದ ಹತ್ತಿರ ಕೊಡ ಇಟ್ಟುಕೊಂಡು ನಿಂತ ಒಂದು ಹುಡುಗಿ ಗೆಳತಿಗೆ, ‘ನಮ್ಮಪ್ಪ ದೀಪಾವಳಿಗಿ ಬರ್ತಾನಂತ’ ಅಂದಳು. ಬರ್ತಾನ ಅಲ್ಲ, ಬರ್ತಾನಂತ. ಯಾರೋ ಅವಳಿಗೆ ಹೇಳಿದ್ದಾರೆ. ಅವಳು ಪೂರ್ತಿ ನಂಬಿಲ್ಲ, ಬಿಟ್ಟೂ ಇಲ್ಲ. ಬರವಣಿಗೆಯ ಕನ್ನಡದ ‘ಅಂತೆ’ ನಮ್ಮ ಕಡೆ ಬಾಯಲ್ಲಿ ‘ಅಂತ’. ಮನೆಗೆ ಬಂದು ಸಾಲ, ಅಡವಿಟ್ಟ ಹೊಲ, ಮುಂಬೈ ಕೆಲಸ ಎಲ್ಲವನ್ನೂ ಆ ಎರಡಕ್ಷರದ ಮೇಲೆ ಹೇರಿದೆ. ‘ಹೊಲ ಇನ್ನ ನಮ್ದಲ್ಲಂತ.’ ಮಗು ತನಗೆ ಗೊತ್ತಿಲ್ಲದ್ದನ್ನೂ ಹೇಳಬಹುದು ಅಂತ ಆವತ್ತು ತಿಳಿಯಿತು.

ಇನ್ನು ಅವಳು ‘ನಾನು’ ಆಗಬೇಕೋ ‘ಅವಳು’ ಆಗಬೇಕೋ? ‘ನಾನು’ ಅಂದರೆ ಪೂರ್ತಿ ಕಥೆ ಅವಳ ಬಾಯಿಯ ಕಲಬುರಗಿ ಮಾತಿನಲ್ಲೇ ಬರಬೇಕು. ಬರೆದೆ, ಚಂದವೂ ಇತ್ತು. ಆದರೆ ಓದುವವರು ಮಾತಿನ ಸೊಗಸು ಸವಿಯುತ್ತಾ ಅವಳ ಭಯವನ್ನು ದಾಟಿ ಹೋಗುತ್ತಾರೆ ಅನ್ನಿಸಿತು. ಹಾಗಾಗಿ ‘ಅವಳು’ ಇಟ್ಟುಕೊಂಡೆ. ಒಳಗೆ ಹೋಗಲು ‘ತಾನು’ ಇದೆಯಲ್ಲ! ‘ಅಪ್ಪ ಚೀಲ ಕೆಳಗಿಟ್ಟ. ತನಗೆ ಏನು ತಂದಿರಬಹುದು?’ ಅಷ್ಟು ಸಾಕು. ‘ಎಂದು ಅವಳು ಯೋಚಿಸಿದಳು’ ಅಂತ ಬಾಲ ಕಟ್ಟಬೇಕಿಲ್ಲ.

ಕೊನೆಗೆ ಆ ಬೆಳಗಿನ ದೃಶ್ಯಕ್ಕೆ ಮತ್ತೆ ಬಂದೆ. ಒಂದೂವರೆ ವರ್ಷದ ಹಿಂದೆ ಅವಳು ಅಪ್ಪನಿಗೆ ‘ಬಾ, ಹೋಗು’ ಅನ್ನುತ್ತಿದ್ದಳು. ಈಗ ಬಾಗಿಲಲ್ಲಿ ಗಡ್ಡ ಬಿಟ್ಟ, ಕಪ್ಪಾದ ಒಬ್ಬ ಮನುಷ್ಯ. ಆಯಿ, ಅಂದರೆ ಅಪ್ಪನ ತಾಯಿ, ಅಳುತ್ತಾಳೆ. ಅವ್ವ ತಂಬಿಗೆ ನೀರು ತರಲು ಒಳಗೆ ಓಡುತ್ತಾಳೆ. ಹುಡುಗಿ ಕಂಬ ಹಿಡಿದು ನಿಂತು, ಮನೆಗೆ ಬಂದ ಬೀಗರನ್ನು ಕೇಳುವ ಹಾಗೆ ಕೇಳುತ್ತಾಳೆ:

‘ಯಾವಾಗ ಬಂದ್ರಿ?’