ತೂಕ ಇಳಿಸುವ ಗುರಿ: ಪುತ್ತರಿಗೆ ಮುಂಚೆಯೇ ಕೈಬಿಡದಂತೆ ಇಡುವುದು ಹೇಗೆ?

ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಊಟ ಮುಗಿದ ಮರುದಿನವೇ, ಸುಗ್ಗಿ ಹಬ್ಬವಾದ ಪುತ್ತರಿಯನ್ನು ಗಡುವಾಗಿಟ್ಟು ‘ಪುತ್ತರಿಯೊಳಗೆ 15 ಕೆ.ಜಿ. ಇಳಿಸಬೇಕು’ ಎಂದು ನಿಶ್ಚಯಿಸುವವರಿದ್ದಾರೆ. ಸೆಪ್ಟೆಂಬರ್ ಆರಂಭದಿಂದ ನವೆಂಬರ್ ಕೊನೆಯವರೆಗೆ ಸಿಗುವುದು 12 ವಾರ. ವಾರಕ್ಕೆ ಅರ್ಧ ಕೆ.ಜಿ.ಯಂತೆ ಆರು ಇಳಿದರೆ ನಿಜಕ್ಕೂ ದೊಡ್ಡದು. ಆದರೆ 15ರ ಪಕ್ಕದಲ್ಲಿಟ್ಟರೆ ಅದೇ ಆರು ಸೋಲಿನಂತೆ ಕಾಣುತ್ತದೆ. 1997ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 60 ಮಹಿಳೆಯರು ಸರಾಸರಿ ಶೇ 32ರಷ್ಟು ತೂಕ ಇಳಿಸಲು ಬಯಸಿದ್ದರು. 48 ವಾರಗಳ ಚಿಕಿತ್ಸೆ ಮುಗಿಸಿದವರು ಸರಾಸರಿ 16 ಕೆ.ಜಿ. ಇಳಿಸಿದರು, ಆದರೂ ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ‘ಇಷ್ಟೇ ಆದರೆ ನಿರಾಸೆ’ ಎಂದು ತಾವೇ ಹೇಳಿದ್ದ ಮಟ್ಟವನ್ನೂ ಮುಟ್ಟಲಿಲ್ಲ.

ಆದ್ದರಿಂದ ಮೊದಲ ಗುರಿ ಈಗಿನ ತೂಕದ ಶೇ 5 ಇರಲಿ. 80 ಕೆ.ಜಿ. ಇರುವವರಿಗೆ ನಾಲ್ಕು. ರಕ್ತದೊತ್ತಡ, ಸಕ್ಕರೆ ಸುಧಾರಿಸಲು ಶೇ 5ರಿಂದ 10 ಇಳಿದರೂ ಪ್ರಯೋಜನವಿದೆ.

ಮುಂದೆ ಆ ನಾಲ್ಕನ್ನು ದಿನದ ಕೆಲಸವಾಗಿ ಬರೆಯಿರಿ. ತಕ್ಕಡಿಯ ಮುಳ್ಳು ನಮ್ಮ ಕೈಯಲ್ಲಿಲ್ಲ, ತಟ್ಟೆ ಇದೆ. ‘ಕಡಿಮೆ ತಿನ್ನುತ್ತೇನೆ’ ಎಂದರೆ ಅಳೆಯಲಾಗದು; ‘ಆರು ಕಡಂಬುಟ್ಟಿನ (ಅಕ್ಕಿ ತರಿಯ ಉಂಡೆ ಕಡುಬು) ಬದಲು ನಾಲ್ಕು’ ಎಂದರೆ ಎಣಿಸಬಹುದು. ಮೂರು ಲೋಟ ಕಾಫಿಗೆ ಎರಡೆರಡು ಚಮಚ ಸಕ್ಕರೆ ಹಾಕಿದರೆ ಸುಮಾರು 100 ಕ್ಯಾಲೊರಿ. ಒಂದೊಂದು ಚಮಚಕ್ಕೆ ಇಳಿಸಿ.

ಹೆಚ್ಚಿನವರು ಬಿಟ್ಟುಬಿಡುವ, ಆದರೆ ಬಹಳ ಮುಖ್ಯವಾದ ಹಂತ ಇನ್ನೊಂದಿದೆ. ಅಡ್ಡಿ ಬಂದರೆ ಏನು ಮಾಡುವುದೆಂದು ಮೊದಲೇ ನಿರ್ಧರಿಸಿಕೊಳ್ಳಬೇಕು. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಇದನ್ನು ‘ಹೀಗಾದರೆ, ಹೀಗೆ’ ಎಂಬ ರೂಪದಲ್ಲಿ ಬರೆದಿಡಲು ಹೇಳುತ್ತಾರೆ. ಮಡಿಕೇರಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಗಿನ ನಡಿಗೆಯನ್ನೇ ನೆಚ್ಚಿಕೊಂಡ ಗುರಿ ಮಳೆಯಲ್ಲಿ ಕೊಚ್ಚಿಹೋಗುತ್ತದೆ. ‘ಆರು ಗಂಟೆಗೆ ಮಳೆ ಇದ್ದರೆ, ಮನೆಯೊಳಗೇ 20 ನಿಮಿಷ ಮೆಟ್ಟಿಲು ಹತ್ತಿಳಿಯುತ್ತೇನೆ’ ಎಂದು ಬರೆದು ಗೋಡೆಗೆ ಅಂಟಿಸಿ. ಮದುವೆ ಊಟಕ್ಕೂ ಇದೇ ಕ್ರಮ: ‘ಎರಡನೇ ಸಲ ಬಡಿಸಲು ಬಂದರೆ, ಪಲ್ಯ ಮಾತ್ರ ಹಾಕಿಸಿಕೊಳ್ಳುತ್ತೇನೆ’. ‘ತಿನ್ನುವುದಿಲ್ಲ’ ಎಂದಷ್ಟೇ ಬರೆದರೆ ಮನಸ್ಸು ಆ ತಿಂಡಿಯ ಸುತ್ತಲೇ ಸುತ್ತುತ್ತದೆ. ಬದಲಿಗೆ ಏನು ಮಾಡುವುದೆಂದು ಬರೆಯಬೇಕು.

ಆದರೂ ತಪ್ಪುತ್ತದೆ. ಆಗ ‘ಹೇಗೂ ಕೆಟ್ಟಿತು’ ಎಂದು ದಿನವಿಡೀ ತಿನ್ನುವುದೇ ಹೆಚ್ಚು ಹಾನಿ. ಮುಂದಿನ ಊಟಕ್ಕೇ ಕ್ರಮಕ್ಕೆ ಮರಳಿ. ಮರುದಿನ ಉಪವಾಸ ಬೇಡ, ಅದು ಮತ್ತೆ ಅತಿಯಾಗಿ ತಿನ್ನಿಸುತ್ತದೆ. ಪಂದಿ ಕರಿ ಉಂಡ ಮರುದಿನ ಒಂದು ಕೆ.ಜಿ. ಏರಿದ್ದರೆ ಅದು ಬಹುಪಾಲು ಉಪ್ಪು ಹಿಡಿದಿಟ್ಟ ನೀರು. ಒಂದು ಕೆ.ಜಿ. ಕೊಬ್ಬು ಸೇರಲು ಸುಮಾರು 7,700 ಕ್ಯಾಲೊರಿ ಹೆಚ್ಚಾಗಬೇಕು. ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನದೆ ತೂಗಿ, ವಾರದ ಸರಾಸರಿಯನ್ನಷ್ಟೇ ನೋಡಿ.

ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲೇ ವೈದ್ಯರನ್ನು ಕಾಣಬೇಕು. ಔಷಧಿಯ ಪ್ರಮಾಣ ಬದಲಿಸಬೇಕಾಗಬಹುದು.