ಜನಾಂಗ ಹತ್ಯೆಯ ಪಾಠ ನಾನು ಮಾಡುವ ರೀತಿ

ದಾವಣಗೆರೆಯಲ್ಲಿ ಪದವಿ ತರಗತಿಗೆ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಜನಾಂಗ ಹತ್ಯೆ ಎಂದ ಕೂಡಲೇ ಮಕ್ಕಳು ಕೇಳುವುದು, 'ಎಷ್ಟು ಜನ ಸತ್ರು ಸರ್?' ಅದಕ್ಕೇ ನಾನು ಸಾವಿನ ಲೆಕ್ಕದಿಂದ ಪಾಠ ಶುರು ಮಾಡುವುದಿಲ್ಲ.

ಮೊದಲು ಜನಾಂಗ ಹತ್ಯೆ ತಡೆಯಲು ವಿಶ್ವಸಂಸ್ಥೆ ತಂದ 1948ರ ಒಪ್ಪಂದದ ಎರಡನೇ ವಿಧಿ ಓದಿಸುತ್ತೇನೆ. ರಾಷ್ಟ್ರ, ಕುಲ, ಜನಾಂಗ ಇಲ್ಲವೇ ಧರ್ಮದಿಂದ ಗುರುತಿಸುವ ಗುಂಪನ್ನು ಪೂರ್ತಿಯಾಗಿಯೋ ಭಾಗಶಃವೋ ನಾಶ ಮಾಡುವ ಉದ್ದೇಶ ಇರಬೇಕು. ಆ ಉದ್ದೇಶ ಇಲ್ಲದಿದ್ದರೆ ಲಕ್ಷ ಜನ ಸತ್ತರೂ ಕಾನೂನಿನಲ್ಲಿ ಅದು ಬೇರೆ ಅಪರಾಧ. ಕೊಲ್ಲುವುದಷ್ಟೇ ಅಲ್ಲ, ಗುಂಪಿನಲ್ಲಿ ಮಕ್ಕಳು ಹುಟ್ಟದಂತೆ ತಡೆಯುವುದು, ಮಕ್ಕಳನ್ನು ಬಲವಂತವಾಗಿ ಬೇರೆ ಗುಂಪಿಗೆ ಸಾಗಿಸುವುದೂ ಆ ಪಟ್ಟಿಯಲ್ಲಿದೆ. ಜಗಳೂರು ಕಡೆಯ ಹುಡುಗಿಯೊಬ್ಬಳು, 'ಮಕ್ಕಳನ್ನು ಸಾಯಿಸಿಲ್ಲವಲ್ಲ ಸರ್, ಬೇರೆ ಕಡೆ ಬೆಳೆಸ್ತಾರೆ ಅಷ್ಟೇ ಅಲ್ವಾ?' ಎಂದಳು. ಹಿಂದಿನ ಬೆಂಚಿನ ಹುಡುಗ ಉತ್ತರ ಕೊಟ್ಟ: 'ಅಜ್ಜಿ ಮಾತು ಮೊಮ್ಮಗೂಗೆ ಅರ್ಥ ಆಗಲ್ಲ. ಆಮೇಲೆ ಆ ಜನ ಎಲ್ಲಿ ಉಳೀತಾರೆ?' ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಉದ್ದೇಶವನ್ನು ಸಾಬೀತು ಮಾಡುವುದು ಹೇಗೆ? ಇಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಆಫ್ರಿಕಾದ ರುವಾಂಡಾ ದೇಶದ ಹಳೆಯ ಗುರುತಿನ ಚೀಟಿಯನ್ನು ಬೋರ್ಡ್ ಮೇಲೆ ಬರೆಯುತ್ತೇನೆ. ಹೆಸರಿನ ಜೊತೆಗೆ ಹುಟು, ಟುಟ್ಸಿ ಅಥವಾ ಟ್ವಾ ಎಂದು ಜನಾಂಗ ಹೇಳುವ ಒಂದು ಸಾಲು. ಬೆಲ್ಜಿಯಂ ಆಡಳಿತ 1930ರ ದಶಕದಲ್ಲಿ ತಂದ ಪದ್ಧತಿ ಅದು. 1994ರಲ್ಲಿ ಹುಟು ಉಗ್ರರು ಟುಟ್ಸಿಗಳನ್ನು ಕೊಲ್ಲತೊಡಗಿದಾಗ, ರಸ್ತೆಗೆ ಅಡ್ಡ ನಿಂತವರು ಆ ಸಾಲು ನೋಡಿ ಯಾರು ಸಾಯಬೇಕು ಎಂದು ತೀರ್ಮಾನಿಸಿದರು. ಟಾಬಾ ಎಂಬ ಊರಿನ ಮೇಯರ್ ಆಗಿದ್ದ ಅಕಾಯೆಸು ಮೇಲಿನ ತೀರ್ಪು ಬಂದದ್ದು 1998ರ ಸೆಪ್ಟೆಂಬರ್ 2ರಂದು. ಅಂತರರಾಷ್ಟ್ರೀಯ ನ್ಯಾಯಾಲಯವೊಂದು ಜನಾಂಗ ಹತ್ಯೆಗೆ ಶಿಕ್ಷೆ ಕೊಟ್ಟದ್ದು ಅದೇ ಮೊದಲು. ಅವನ ಭಾಷಣಗಳನ್ನು, ಹುಡುಕಿ ಕೊಂದದ್ದು ಟುಟ್ಸಿಗಳನ್ನೇ ಎಂಬುದನ್ನು ನೋಡಿ ನ್ಯಾಯಾಧೀಶರು ಉದ್ದೇಶವನ್ನು ಗುರುತಿಸಿದರು. ಅತ್ಯಾಚಾರವನ್ನೂ ಜನಾಂಗ ಹತ್ಯೆಯ ಕೃತ್ಯ ಎಂದರು.

ಕಾಂಬೋಡಿಯಾಕ್ಕೆ ಬಂದಾಗ ಮಕ್ಕಳಿಗೆ ಸಿಟ್ಟು ಬರುತ್ತದೆ. ಅಲ್ಲಿ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಗುಂಪಿನ ಆಡಳಿತದಲ್ಲಿ, 1975ರಿಂದ 1979ರೊಳಗೆ ಸುಮಾರು 17 ಲಕ್ಷ ಜನ ಸತ್ತರು. ಆದರೆ 2018ರ ತೀರ್ಪು ಜನಾಂಗ ಹತ್ಯೆ ಎಂದದ್ದು ಚಾಮ್ ಮುಸ್ಲಿಮರು ಮತ್ತು ವಿಯೆಟ್ನಾಂ ಮೂಲದವರ ವಿಷಯದಲ್ಲಿ ಮಾತ್ರ. ರಾಜಕೀಯ ಶತ್ರು ಎಂದು ಕೊಲ್ಲಲ್ಪಟ್ಟವರು ಆ ಲೆಕ್ಕಕ್ಕೆ ಬರುವುದಿಲ್ಲ. ರಾಜಕೀಯ ಗುಂಪುಗಳನ್ನು 1948ರಲ್ಲೇ ಒಪ್ಪಂದದಿಂದ ಹೊರಗಿಟ್ಟಿದ್ದರು, ಸೋವಿಯತ್ ಒಕ್ಕೂಟವೂ ಸೇರಿ ಹಲವರ ವಿರೋಧದಿಂದ. ಇದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ, ಮಕ್ಕಳಿಗೂ ಹಾಗೇ ಹೇಳುತ್ತೇನೆ. ಉಳಿದ ಸಾವುಗಳು ಮಾನವೀಯತೆಯ ವಿರುದ್ಧದ ಅಪರಾಧ. ಅದು ಸಣ್ಣದೇನಲ್ಲ.

ಕೊನೆಗೆ ಪತ್ರಿಕೆಯ ಒಂದು ಸುದ್ದಿ ಕೊಟ್ಟು ಮೂರೇ ಪ್ರಶ್ನೆ ಬರೆಸುತ್ತೇನೆ: ಗುಂಪು ಯಾವುದು? ಮಾಡಿದ ಕೃತ್ಯ ಏನು? ಉದ್ದೇಶಕ್ಕೆ ಸಾಕ್ಷಿ ಎಲ್ಲಿ?